ಜೇಬಿನ ಕಲ್ಲು

ಜೂನ್ 4, 2024

ಈ ಹಳೆಯ ಹಾಜರಿ ಪುಸ್ತಕದ ಕೊನೆಯಲ್ಲಿ ಇಪ್ಪತ್ತು ಮೂವತ್ತು ಹಾಳೆ ಖಾಲಿ ಉಳಿದಿವೆ. ದಂಡ ಮಾಡುವುದು ನನ್ನ ಜಾಯಮಾನವಲ್ಲ. ಮಧ್ಯಾಹ್ನ ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಒಂದು ಗಂಟೆ ಅಂಗನವಾಡಿಯಲ್ಲಿ ಸದ್ದೇ ಇರುವುದಿಲ್ಲ. ಸಹಾಯಕಿ ಭೈರಮ್ಮ ಪಾತ್ರೆ ತೊಳೆಯುತ್ತಾಳೆ. ಅವಳಿಗೆ ಓದಲು ಬಾರದು, ಹಾಗಾಗಿ ಏನು ಬರೆದರೂ ಭಯವಿಲ್ಲ.

ಇವತ್ತು ತಿಂಗಳ ತೂಕದ ದಿನ. ತೊಲೆಗೆ ತಕ್ಕಡಿ ತೂಗುಹಾಕಿ, ಜೋಳಿಗೆಯಲ್ಲಿ ಒಂದೊಂದೇ ಮಗುವನ್ನು ಕೂರಿಸಿ ಇಪ್ಪತ್ತೆರಡು ಮಕ್ಕಳ ತೂಕ ಮಾಡಿದೆ. ಈಶಾನನ ಮುಳ್ಳು ಕಳೆದ ಸಲಕ್ಕಿಂತ ಮೇಲೆ ಹೋಯಿತು. ಆದರೆ ಹುಡುಗನ ತೋಳು ನೋಡಿದರೆ ಕಡ್ಡಿ. ನನಗೆ ಅನುಮಾನ ಬಂದು ಚಡ್ಡಿಯ ಜೇಬಿಗೆ ಕೈಹಾಕಿದರೆ ಎರಡು ಹೊಳೆಕಲ್ಲು!

"ನೋಡ್ರೇ, ಹೊಟ್ಟೆಗೆ ಹಾಕ್ಬೇಕಾದ್ದನ್ನ ಜೇಬಿಗೆ ಹಾಕ್ಕೊಂಡು ಬಂದಿದಾಳೆ ಈ ಮಹಾತಾಯಿ" ಎಂದೆ. ಎಲ್ಲ ತಾಯಂದಿರೂ ಗೊಳ್ಳೆಂದು ನಕ್ಕರು.

ಅವನ ತಾಯಿ, ಆ ಅರ್ಪಿತಾ ಎನ್ನುವ ಹುಡುಗಿ, "ಆಡೋಕೆ ಇಟ್ಕೊಂಡಿದ್ದ ಅಕ್ಕ" ಎಂದು ತಾನೂ ನಕ್ಕಳು. "ಹೆತ್ತರೆ ಸಾಲ್ದು ಮಾರಾಯ್ತಿ, ಸಾಕಕ್ಕೂ ಬರ್ಬೇಕು" ಎಂದೆ. ಕಲ್ಲು ತೆಗೆದು ತೂಗಿದರೆ ಮುನ್ನೂರು ಗ್ರಾಂ ಇಳಿದಿದ್ದಾನೆ. ನನ್ನ ಮಾತು ಖಾರ ಎನ್ನುತ್ತಾರೆ. ಖಾರವಿಲ್ಲದಿದ್ದರೆ ಈ ಊರಿನಲ್ಲಿ ಒಂದು ಮಗುವೂ ಮೊಟ್ಟೆ ತಿನ್ನುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ನಮ್ಮ ಮಗಳು ನವ್ಯಾಳನ್ನು ತೂಗಿದೆ. ಅವಳಿಗೆ ಎರಡು ವರ್ಷ ನಾಲ್ಕು ತಿಂಗಳು. ಮೇ ತಿಂಗಳಲ್ಲಿ 9.8 ಇದ್ದಳು, ಇವತ್ತು 9.5. ಅಷ್ಟು ಬರೆದರೆ ಇಲಾಖೆಯ ಫೋನಿನಲ್ಲಿ ಅವಳ ಹೆಸರು ಹಸಿರಿನಿಂದ ಹಳದಿಗೆ, ಅಂದರೆ ತೂಕ ಕಡಿಮೆ ಇರುವವರ ಪಟ್ಟಿಗೆ, ಹೋಗುತ್ತದೆ. ಟೀಚರ್ ಮಗಳೇ ಹಳದಿ! ತಕ್ಕಡಿಯ ಕೊಕ್ಕೆಗೆ ತುಕ್ಕು ಹಿಡಿದಿದೆ, ಅವಳೂ ಜೋಳಿಗೆಯಲ್ಲಿ ಒದ್ದಾಡುತ್ತಿದ್ದಳು. 9.9 ಎಂದು ಹಾಕಿದೆ. ಆಸ್ಪತ್ರೆಗೆ ಒಯ್ಯುವ ತಾಯಿ ಕಾರ್ಡಿನಲ್ಲೂ ಅದನ್ನೇ ಬರೆದೆ.

ಅದೇ ತಕ್ಕಡಿ ಈಶಾನನಿಗೆ ಮಾತ್ರ ಸರಿಯಾಗಿತ್ತು ಎಂದು ಈಗ ಬರೆಯುವಾಗ ಹೊಳೆಯಿತು. ಇರಲಿ.

ಜೂನ್ 19

ನವ್ಯಾಳ ಹೊಸ ಆಟ. ಅಜ್ಜಿಯ ಸೆರಗಿನಲ್ಲಿ ಗೊಂಬೆಯನ್ನು ಕೂರಿಸಿ ಜೋಳಿಗೆಯಂತೆ ಎತ್ತಿ ಹಿಡಿಯುತ್ತಾಳೆ. "ಅಳ್ಬೇಡ ಅಳ್ಬೇಡ, ಆಯ್ತು, ಆಯ್ತು" ಎಂದು ನನ್ನ ಗಂಟಲಿನಲ್ಲೇ ಹೇಳುತ್ತಾಳೆ. ಆಮೇಲೆ ಗೊಂಬೆಗೆ ಬೆರಳು ತೋರಿಸಿ, "ಮೊಟ್ಟೆ ತಿನ್ಸಲ್ವಾ ನೀನು?" ಎಂದು ಗದರುತ್ತಾಳೆ. ಅವಳಪ್ಪ ದೇವರಾಜ್ ಬಿದ್ದು ಬಿದ್ದು ನಕ್ಕರು. "ಪಾಪ, ಊರಿನವ್ರ ಗತಿ ಇದೇ ಅಲ್ದಾ" ಎಂದರು. ಅವರು ಕೊಪ್ಪ–ಎನ್.ಆರ್. ಪುರ ಬಸ್ಸಿನ ಕಂಡಕ್ಟರ್. ಇಡೀ ತಾಲ್ಲೂಕನ್ನು ನಗಿಸುವ ಬಾಯಿ ಅದು.

ನನಗೂ ನಗು ಬಂತು. ಆದರೆ ಗೊಂಬೆಗೆ ಅಷ್ಟು ಹೇಳುವವಳು ತಾನು ನಾಲ್ಕು ತುತ್ತಿಗೇ ಮುಖ ತಿರುಗಿಸುತ್ತಾಳೆ. ಅತ್ತೆ ವನಜಮ್ಮ ತಮ್ಮ ಕೆಮ್ಮಿನ ನಡುವೆಯೇ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಗೆ ಗುಬ್ಬಿ ತೋರಿಸಿ ಉಣ್ಣಿಸುತ್ತಾರೆ.

ಜುಲೈ 5

ತೂಕ ಮಾಡಿದೆ. 9.3. ಬರೆದದ್ದು 10.2.

ಜುಲೈ 23

ಸೂಪರ್‌ವೈಸರ್ ಅಂಬುಜಾಕ್ಷಿ ಮೇಡಂ ಬಂದಿದ್ದರು. ಗೋಡೆಯ ಮೇಲಿನ ಫೋಟೋ ನೋಡಿ, "ಎಲ್ಲಿ ನಮ್ಮ ಚಾಂಪಿಯನ್?" ಎಂದರು. ನವ್ಯಾ ಒಂದು ವರ್ಷದವಳಿದ್ದಾಗ ತಾಲ್ಲೂಕಿನ ಆರೋಗ್ಯವಂತ ಶಿಶು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದ ಫೋಟೋ ಅದು. ಕೆನ್ನೆ ಉಬ್ಬಿಸಿಕೊಂಡು ಸ್ಟೀಲ್ ಡಬ್ಬಿ ಹಿಡಿದು ಕೂತಿದ್ದಾಳೆ. ಬಾಗಿಲಿಂದ ಒಳಗೆ ಬಂದವರಿಗೆ ಮೊದಲು ಕಾಣುವುದೇ ಅದು. ಅಲ್ಲಿ ಮೊಳೆ ಹೊಡೆಸಿದ್ದು ನಾನೇ.

"ಮನೇಲಿ ಮಲಗಿದಾಳೆ ಮೇಡಂ" ಎಂದೆ. ಅವಳು ಹಿಂದಿನ ಅಡುಗೆಕೋಣೆಯಲ್ಲಿ ಭೈರಮ್ಮನ ಹತ್ತಿರ ಇದ್ದಳು. ಭೈರಮ್ಮ ಅಲ್ಲಿಂದಲೇ ಒಂದು ಸಲ ನನ್ನ ಮುಖ ನೋಡಿ ಬಾಗಿಲು ಮುಂದೆ ಮಾಡಿದಳು.

"ಸೆಪ್ಟೆಂಬರ್‌ನಲ್ಲಿ ಎನ್.ಆರ್. ಪುರದ ಕಾರ್ಯಕ್ರಮಕ್ಕೆ ಕರ್ಕೊಂಡು ಬನ್ನಿ ರಶ್ಮಿ, ಸ್ಟೇಜ್ ಮೇಲೆ ನಿಲ್ಲಿಸೋಣ. ಉಳಿದ ಟೀಚರ್‌ಗಳೂ ನೋಡ್ಲಿ."

ಮೇಡಂ ಹೋದ ಸ್ವಲ್ಪ ಹೊತ್ತಿಗೆ ಅರ್ಪಿತಾ ಬಂದು, "ಅಕ್ಕ, ದಿನಾ ಮೊಟ್ಟೆ ಕೊಡ್ತಿದೀನಿ, ಈ ತಿಂಗ್ಳು ನಾನೂರು ಗ್ರಾಂ ಏರಿತ್ತಲ್ದಾ?" ಎಂದಳು. ಅದನ್ನು ಇನ್ನೊಂದು ಸಲ ನನ್ನ ಬಾಯಿಂದ ಕೇಳುವ ಆಸೆ ಅವಳಿಗೆ. ಹೌದು ಎಂದೆ. ಒಂದು ಒಳ್ಳೆಯ ಮಾತು ಆಡಬಹುದಿತ್ತು. ಹೊಟ್ಟೆಕಿಚ್ಚಾಯಿತು. ಅಷ್ಟು ಚಿಕ್ಕ ಹುಡುಗನ ನಾನೂರು ಗ್ರಾಮಿಗೆ ಹೊಟ್ಟೆಕಿಚ್ಚು ಪಟ್ಟೆ.

ಆಗಸ್ಟ್ 6

9.1. ಬರೆದದ್ದು 10.5.

ಎರಡು ವಾರದಿಂದ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ. ಇವತ್ತು ಹೇಗಾದರೂ ತಿನ್ನಿಸಲೇಬೇಕೆಂದು ಕಾಲಿನ ಮಧ್ಯೆ ಒತ್ತಿ ಕೂರಿಸಿ ಮೊಟ್ಟೆ ತುರುಕಿದೆ. ಎಲ್ಲವನ್ನೂ ನನ್ನ ಸೀರೆಯ ಮೇಲೆ ಕಾರಿಕೊಂಡಳು. ಹೊಡೆದೆ. ತೊಡೆಯ ಮೇಲೆ ಐದು ಬೆರಳೂ ಮೂಡಿದವು.

ಅತ್ತೆ ಓಡಿ ಬಂದು ಎತ್ತಿಕೊಂಡರು. "ಎಂತ ಹುಚ್ಚು ಹಿಡೀತೇ ನಿಂಗೆ? ಇಷ್ಟೇ ಇಷ್ಟು ಕೂಸು" ಎಂದರು. ನಾನು ಸೀರೆ ತೊಳೆಯಲು ಹೋದೆ. ಸ್ವಲ್ಪ ಹೊತ್ತಿಗೆ ನವ್ಯಾ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಅಮ್ಮ, ತೂಕ ಮಾಡು. ನಾ ಅಳಲ್ಲ."

ಅವಳಿಗೆ ಹೇಗೆ ಗೊತ್ತಾಯಿತೋ, ನನ್ನ ಸಿಟ್ಟು ತೂಕದ ಮೇಲೆ ಎಂದು. ಬರೆಯಲೂ ನಾಚಿಕೆಯಾಗುತ್ತದೆ. ಆದರೆ ಇಲ್ಲಿ ಬಿಟ್ಟರೆ ಇನ್ನೆಲ್ಲಿ ಬರೆಯಲಿ?

ಆಗಸ್ಟ್ 20

ಕೊಪ್ಪದ ಮಕ್ಕಳ ಡಾಕ್ಟರ ಹತ್ತಿರ ಹೋಗಿಬಂದೆ. ನವ್ಯಾ ಕೂಗಾಡಿ ತೂಕದ ಮೆಷಿನ್ ಮೇಲೆ ಕಾಲೇ ಇಡಲಿಲ್ಲ. ನರ್ಸ್ ಎರಡು ಸಲ ಪ್ರಯತ್ನಿಸಿದಳು. ಅಷ್ಟರಲ್ಲಿ ಡಾಕ್ಟರು ತಾಯಿ ಕಾರ್ಡ್ ಬಿಡಿಸಿ ನೋಡಿದರು.

"ಬಿಡಿಬಿಡಿ, ಅಂಗನವಾಡಿ ಟೀಚರೇ ಬರ್ದಿದಾರಲ್ಲ. ತಿಂಗಳು ತಿಂಗಳೂ ಚೆನ್ನಾಗಿ ಏರ್ತಾ ಇದೆ. ತೂಕ ಏರ್ತಿದ್ರೆ ಸಣ್ಣ ಜ್ವರ ಕೆಮ್ಮಿಗೆಲ್ಲ ಹೆದರ್ಬೇಕಾಗಿಲ್ಲ." ಸಿರಪ್ ಬರೆದುಕೊಟ್ಟರು. "ಕಾರ್ಡ್ ಅಂದ್ರೆ ಹೀಗಿರ್ಬೇಕು ನೋಡು" ಎಂದು ನರ್ಸ್‌ಗೂ ತೋರಿಸಿದರು.

ಅವಳು ಮೆಷಿನ್ ಹತ್ತದಿದ್ದದ್ದಕ್ಕೆ ನನಗೆ ಸಮಾಧಾನವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೊಂದು ಬಲೂನು ಕೊಡಿಸಿದೆ.

ಸೆಪ್ಟೆಂಬರ್ 4

8.8. ಇದು ಹಳದಿಯೂ ಅಲ್ಲ, ಕೆಂಪು.

ಆದರೆ ಹೋದ ತಿಂಗಳು 10.5 ಎಂದು ಕೂತಿದೆಯಲ್ಲ. ಈಗ 8.8 ಹಾಕಿದರೆ ಮೇಡಂ ಬಿಡುತ್ತಾರೆಯೇ? ಇಳಿಸಿ ಬರೆಯುವುದಕ್ಕೆ ದಾರಿಯೇ ಇಲ್ಲದಂತೆ ಮಾಡಿಕೊಂಡಿದ್ದೇನೆ. 10.8 ಎಂದು ಬರೆದೆ. ಅರ್ಪಿತಾ ಕಲ್ಲು ಹುಡುಕಲು ಹೊಳೆಯವರೆಗೆ ಹೋಗಬೇಕಾಯಿತು, ನನಗೆ ಕೂತಲ್ಲೇ ಪೆನ್ನಿತ್ತು.

ಸ್ಟೇಜಿನ ಕಾರ್ಯಕ್ರಮಕ್ಕೆ ಮಗುವಿಗೆ ಹುಷಾರಿಲ್ಲ ಎಂದು ಮೇಡಂಗೆ ಫೋನ್ ಮಾಡಿದೆ. ಅದೊಂದು ನಿಜ ಹೇಳಿದೆ.

ಸೆಪ್ಟೆಂಬರ್ 13

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಟ್ಟೆಯ ಚೀಲಕ್ಕೆ ಈ ಪುಸ್ತಕ ಯಾಕೆ ತುರುಕಿದೆನೋ ಗೊತ್ತಿಲ್ಲ.

ಬೆಳಿಗ್ಗೆ ಜ್ವರ ಬಿಡಲೇ ಇಲ್ಲ. ದೇವರಾಜ್ ಡ್ಯೂಟಿಗೆ ರಜೆ ಹಾಕಿ ಜೊತೆಗೆ ಬಂದರು. ಕೊಪ್ಪದಲ್ಲಿ ಈ ಸಲ ನವ್ಯಾ ಅಳಲಿಲ್ಲ, ಅಳುವ ಶಕ್ತಿಯೇ ಇರಲಿಲ್ಲ. ಮೆಷಿನ್ ಮೇಲೆ ನಿಲ್ಲಿಸಿದರು. 8.7. ಡಾಕ್ಟರು ಕಾರ್ಡ್ ನೋಡಿದರು. ಒಂಬತ್ತು ದಿನದ ಹಿಂದೆ 10.8. ಮೆಷಿನ್ ಕೆಟ್ಟಿದೆಯೋ ಎಂದು ಇನ್ನೊಂದು ಮೆಷಿನ್ ತರಿಸಿದರು. ಅದರಲ್ಲೂ 8.7.

ಅವರ ಮುಖ ಬದಲಾಯಿತು. ಕುತ್ತಿಗೆ, ಕಂಕುಳು, ಹೊಟ್ಟೆ ಎಲ್ಲ ಒತ್ತಿ ನೋಡಿದರು. "ಒಂಬತ್ತು ದಿನಕ್ಕೆ ಎರಡು ಕೇಜಿ ಇಳಿಯೋದು ಅಂದ್ರೆ ತಮಾಷೆಯಲ್ಲ. ಇವತ್ತೇ ಶಿವಮೊಗ್ಗಕ್ಕೆ ಹೋಗಿ" ಎಂದು ಚೀಟಿ ಬರೆದರು.

"ಎಂತ ಸಾರ್, ಕ್ಯಾನ್ಸರಾ?" ದೇವರಾಜ್ ಕೇಳಿಯೇ ಬಿಟ್ಟರು.

"ಈಗ್ಲೇ ಏನೂ ಹೇಳಲ್ಲ. ಇಷ್ಟು ಬೇಗ ಇಳಿದಾಗ ಅದನ್ನೂ ನೋಡ್ಬೇಕಾಗುತ್ತೆ."

ನಾನು ಅಲ್ಲೇ, ಮೂರು ಅಡಿ ದೂರದಲ್ಲಿ ನಿಂತಿದ್ದೆ. ಇಡೀ ಊರನ್ನು ಬಯ್ಯುವ ಬಾಯಿ ನನ್ನದು, ತೆರೆಯಲಿಲ್ಲ. ಬಸ್ಸಿನಲ್ಲಿ ದೇವರಾಜ್ ನವ್ಯಾಳ ತಲೆಯ ಮೇಲೆ ಗದ್ದ ಊರಿ ಅತ್ತರು. ಪರಿಚಯದ ಕಂಡಕ್ಟರ್ ಟಿಕೆಟ್ ಕೇಳದೆ ಮುಂದೆ ಹೋದ. ಹೇಳಲಿಲ್ಲ. ಮುತ್ತಿನಕೊಪ್ಪ ದಾಟಿತು, ಶಿವಮೊಗ್ಗ ಬಂತು. ಹೇಳಲಿಲ್ಲ.

ಸೆಪ್ಟೆಂಬರ್ 15

ಮೂರು ಸಲ ರಕ್ತ ತೆಗೆದಿದ್ದಾರೆ. ನರ ಸಿಗದೆ ಕಾಲಿಗೂ ಚುಚ್ಚಿದರು. ನಾಳೆ ಬೆಳಿಗ್ಗೆ ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆಯುತ್ತಾರಂತೆ.

ದೇವರಾಜ್ ಮೊನ್ನೆಯಿಂದ ಚಹಾ ಕುಡಿದಿಲ್ಲ. ದಿನಕ್ಕೆ ಹತ್ತು ಕುಡಿಯುವವರು. ಯಾಕೆಂದು ಕೇಳಿದರೆ, "ಇವ್ಳು ಮನೆಗೆ ಬಂದ್ಮೇಲೆ ಕುಡೀತೀನಿ. ಹರಕೆ ಅಂತಲೇ ಇಟ್ಕೋ" ಎಂದರು.

ಅವರಿಗೆ ನಾನು ಹರಕೆ ಹೊರಿಸಿದ್ದೇನೆ.

ಸೆಪ್ಟೆಂಬರ್ 16

ಹೇಳಿದೆ.

ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಹಿಗೆ ಕಾಗದ ತಂದರು. ದೇವರಾಜ್ ಪೆನ್ನು ತೆಗೆದುಕೊಂಡರು. ನವ್ಯಾ ನೀಲಿ ಬಟ್ಟೆಯವರನ್ನು ನೋಡಿ, "ಅಮ್ಮ, ತೂಕ ಮಾಡ್ತಾರಾ? ನಾ ಅಳಲ್ಲ" ಎಂದಳು. ಬಚ್ಚಲ ಬಾಗಿಲಿನ ಅದೇ ಮಾತು, ಅದೇ ದನಿ.

"ಸೂಜಿ ಹಾಕ್ಬೇಡಿ. ಕಾರ್ಡಲ್ಲಿರೋದು ಸುಳ್ಳು. ನಾನೇ ಸುಳ್ಳು ಬರ್ದಿದೀನಿ" ಎಂದೆ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಚೀಲದಿಂದ ಈ ಪುಸ್ತಕ ತೆಗೆದು ಕೊಟ್ಟೆ. ಪ್ರತಿ ತಿಂಗಳ ನಿಜವಾದ ತೂಕ ಇದೊಂದರಲ್ಲೇ ಇರುವುದು. ಅವರು ನಿಂತುಕೊಂಡೇ ಹಾಳೆ ತಿರುಗಿಸಿದರು. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. 9.8, 9.5, 9.3, 9.1, 8.8, 8.7. ಆಗಸ್ಟ್ ಆರರ ಹಾಳೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತರು. ಅಲ್ಲಿ ಹೊಡೆದದ್ದೂ ಇದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಮನೇಲಿ ಯಾರಿಗಾದ್ರೂ ತುಂಬ ದಿನದಿಂದ ಕೆಮ್ಮಿದೆಯಾ?" ಎಂದು ಕೇಳಿದರು.

"ನಮ್ಮ ಅತ್ತೆಗೆ. ಮಗು ಮಲಗೋದು ಅವ್ರ ಜೊತೆಗೇ."

ಮೂಳೆಯ ಪರೀಕ್ಷೆ ನಿಲ್ಲಿಸಿದರು. ಎಕ್ಸ್‌ರೇ ತೆಗೆಸಿ, ಕೈಗೆ ಪರೀಕ್ಷೆಗೆಂದು ಸಣ್ಣ ಚುಚ್ಚುಮದ್ದು ಹಾಕಿ, ಅದು ಊದುತ್ತದೋ ನೋಡಲು ಎರಡು ದಿನ ಕಾಯೋಣ ಎಂದರು. ಅತ್ತೆಯನ್ನೂ ಕರೆಸಲು ಹೇಳಿದರು. ಹೋಗುವಾಗ ಪುಸ್ತಕ ವಾಪಸ್ ಕೊಟ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೇವರಾಜ್ ಕೈಯಲ್ಲಿ ಆ ಸಹಿಯ ಕಾಗದ ಇನ್ನೂ ಇತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

"ಬಸ್ಸಲ್ಲಿ ನಾನು ಅಳೋದನ್ನ ನೋಡ್ತಾ ಕೂತಿದ್ಯಲ್ಲ ನೀನು" ಎಂದರು.

"ಹೂಂ."

"ಮೇಡಂಗೆ ಹೇಳೋಕೆ ಹೆದರ್ಕೆ, ಊರಿಗೆ ಹೇಳೋಕೆ ನಾಚ್ಕೆ, ಸರಿ. ನನ್ನ ಹತ್ರ ಹೇಳ್ಬೋದಿತ್ತಲ್ಲ ಮಾರಾಯ್ತಿ."

ಅವರು ಎದ್ದು ಹೊರಗೆ ಹೋದರು. ಬರುವಾಗ ನವ್ಯಾಳಿಗೆ ಎಳನೀರು ತಂದರು. ನನ್ನನ್ನು ದಾಟಿ ಹೋಗಿ ತಾವೇ ಕುಡಿಸಿದರು.

ಸೆಪ್ಟೆಂಬರ್ 21

ಕ್ಷಯ. ನವ್ಯಾಳಿಗೂ ಇದೆ, ಅತ್ತೆಗೂ ಇದೆ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ಕೊಟ್ಟರೆ ಪೂರ್ತಿ ವಾಸಿಯಾಗುತ್ತದಂತೆ. ಮಾತ್ರೆ ಎಷ್ಟೆಂದು ಗೊತ್ತುಮಾಡುವುದು ಮಗುವಿನ ತೂಕ ನೋಡಿ. ಡಾಕ್ಟರಮ್ಮ ಅದನ್ನು ಹೇಳಿ ನನ್ನ ಮುಖ ನೋಡಿದರು. "ಜುಲೈನಲ್ಲಿ ತೂಕ ಇಳೀತಿದೆ ಅಂತ ಗೊತ್ತಾಗಿದ್ರೆ ಆಗ್ಲೇ ಹಿಡೀಬಹುದಿತ್ತು" ಎಂದರು.

ಮನೆಗೆ ಬಂದೆವು. ಅತ್ತೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಆ ತುದಿಯಲ್ಲಿ ಕೂತಿದ್ದಾರೆ. ನವ್ಯಾ "ಅಜ್ಜಿ, ಸೆರಗು ಕೊಡು, ಗೊಂಬೆ ತೂಕ ಮಾಡ್ಬೇಕು" ಎಂದು ಅಳುತ್ತಾಳೆ. ಅತ್ತೆ ಬೇಡ ಎಂದು ಕೈಯಾಡಿಸುತ್ತಾರೆ.

"ನನ್ನಿಂದ ಬಂತಲ್ಲೇ ರಶ್ಮಿ, ನನ್ನ ಸೆರಗಲ್ಲೇ ಮಲಗಿಸ್ಕೊಂಡು ಕೊಟ್ಟೆ" ಎಂದರು ಅತ್ತೆ.

"ನಿಮಗೆ ಗೊತ್ತಿರ್ಲಿಲ್ಲ ಅತ್ತೆ. ನನಗೆ ಗೊತ್ತಿತ್ತು" ಎಂದೆ. ನಾವಿಬ್ಬರೂ ಇಷ್ಟು ವರ್ಷದಲ್ಲಿ ಜೊತೆಯಾಗಿ ಅತ್ತದ್ದು ಇದೇ ಮೊದಲು, ಅದೂ ಜಗಲಿಯ ಎರಡು ತುದಿಗಳಲ್ಲಿ.

ದೇವರಾಜ್ ಒಳಗೆ ಚಹಾ ಮಾಡಿ ಕುಡಿದರು. ನನಗೂ ಒಂದು ಲೋಟ ತಂದು ಪಕ್ಕದಲ್ಲಿಟ್ಟು ಹೋದರು.

ಸೆಪ್ಟೆಂಬರ್ 25

ಎನ್.ಆರ್. ಪುರಕ್ಕೆ ಹೋಗಿ ಅಂಬುಜಾಕ್ಷಿ ಮೇಡಂ ಎದುರು ಎಲ್ಲ ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದಿಟ್ಟು, "ನಿಮ್ಮನ್ನ ನಾನು ಉಳಿದವ್ರಿಗೆ ಉದಾಹರಣೆ ಕೊಡ್ತಿದ್ದೆ ರಶ್ಮಿ" ಎಂದರು. ನೋಟಿಸ್ ಬರುತ್ತದೆ. ಕೆಲಸ ಉಳಿಯುತ್ತದೋ ಇಲ್ಲವೋ ಮೇಲಿನವರು ಹೇಳಬೇಕು. ಅಲ್ಲಿಯವರೆಗೆ ಕೇಂದ್ರ ನಡೆಸಲು ಹೇಳಿದ್ದಾರೆ. ಅಂಗನವಾಡಿಯ ಮಕ್ಕಳನ್ನೆಲ್ಲ ಒಂದು ಸಲ ಡಾಕ್ಟರು ನೋಡುವುದು ಒಳ್ಳೆಯದಂತೆ. ಅಂದರೆ ತಾಯಂದಿರಿಗೂ ನಾನೇ ಹೇಳಬೇಕು.

ಬಂದವಳೇ ಗೋಡೆಯ ಫೋಟೋ ತೆಗೆದೆ. ಮೊಳೆ ಬರಲಿಲ್ಲ.

ಅಕ್ಟೋಬರ್ 5

ತೂಕದ ದಿನ. ಎಲ್ಲ ತಾಯಂದಿರೂ ಬಂದಿದ್ದರು. ಯಾರ ಮಗುವನ್ನೂ ಜೋಳಿಗೆಗೆ ಹಾಕುವ ಮೊದಲೇ ಹೇಳಿಬಿಡೋಣವೆಂದು ಎದ್ದು ನಿಂತೆ. ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ನಮ್ಮ ನವ್ಯಾಗೆ ಕ್ಷಯ ಆಗಿದೆ. ನಾಲ್ಕು ತಿಂಗಳಿಂದ ಅವಳ ತೂಕ ಇಳೀತಿತ್ತು. ನಾನು ಏರಿಸಿ ಬರ್ದೆ. ನಿಮಗೆಲ್ಲ ಗೊತ್ತಾದ್ರೆ ನಗ್ತೀರಿ ಅಂತ."

ಯಾರೂ ನಗಲಿಲ್ಲ. ಹಿಂದೆ ಯಾರೋ "ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದರು. ಸರಿಯಾಗಿಯೇ ಹೇಳಿದರು. ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋದರು. ಡಾಕ್ಟರು ಬರುವ ದಿನ ಹೇಳಿದೆ, ಹೆದರಬೇಕಾಗಿಲ್ಲ ಎಂದೆ. ನನ್ನ ಮಾತನ್ನು ಇನ್ನು ನಂಬುತ್ತಾರೋ ಇಲ್ಲವೋ.

"ಮೊದಲು ನವ್ಯಾಳನ್ನ ತೂಗ್ತೀನಿ. ಮುಳ್ಳನ್ನ ನಾನು ಓದಲ್ಲ. ನೀನು ಓದು ಅರ್ಪಿತಾ" ಎಂದೆ.

ಅವಳು ಈಶಾನನನ್ನು ಭೈರಮ್ಮನ ಕೈಗೆ ಕೊಟ್ಟು ಎದ್ದು ಬಂದಳು. ನಾನು ನವ್ಯಾಳ ಲಂಗದ ಜೇಬನ್ನು ಎಲ್ಲರಿಗೂ ಕಾಣುವಂತೆ ಹೊರಕ್ಕೆ ತಿರುಗಿಸಿದೆ. ಅರ್ಧ ಕಚ್ಚಿದ ಒಂದು ಬಿಸ್ಕತ್ತು ಬಿತ್ತು. ಎಷ್ಟೋ ದಿನದ ಮೇಲೆ ಅವಳೇ ಕೇಳಿ ಇಸಿದುಕೊಂಡಿದ್ದ ಬಿಸ್ಕತ್ತು.

ಅರ್ಪಿತಾ ಬಗ್ಗಿ ಅದನ್ನು ಎತ್ತಿಕೊಂಡಳು. ನನಗೆ ಮಾತ್ರ ಕೇಳುವಂತೆ, "ಅವತ್ತು ಕಲ್ಲು ನಾನೇ ಹಾಕಿದ್ದು ಅಕ್ಕ. ಸೊಸೆಗೆ ಮಗು ಸಾಕಕ್ಕೆ ಬರಲ್ಲ ಅಂತ ಮನೇಲಿ ದಿನಾ ಹೇಳೋರು. ಇಲ್ಲೂ ಹಂಗೇ ಅನ್ನಿಸ್ಕೊಂಡು ಹೋದೆ" ಎಂದಳು. ನಾನು ಅಂದದ್ದೂ ಅದೇ ಮಾತು, ಅದೂ ಇಪ್ಪತ್ತು ಜನರ ಎದುರಿಗೆ.

"ತಪ್ಪಾಯ್ತು ಕಣೇ" ಎಂದೆ. ಅದನ್ನು ಎಲ್ಲರಿಗೂ ಕೇಳುವಂತೆಯೇ ಹೇಳಿದೆ.

ಅವಳು ಬಿಸ್ಕತ್ತಿನ ಧೂಳನ್ನು ಸೆರಗಿನಿಂದ ಒರೆಸಿ ಮತ್ತೆ ನವ್ಯಾಳ ಜೇಬಿಗೇ ಹಾಕಿದಳು.

"ತೆಗಿ, ತೂಕಕ್ಕೆ ಬರುತ್ತೆ" ಎಂದೆ.

"ಬರ್ಲಿ ಬಿಡಿ ಅಕ್ಕ. ಹೆಂಗೂ ಅವ್ಳ ಹೊಟ್ಟೆಗೆ ತಾನೇ ಹೋಗದು."

ನವ್ಯಾ ಜೋಳಿಗೆಯಲ್ಲಿ ಕಾಲು ಇಳಿಬಿಟ್ಟು ತೂಗಾಡುತ್ತ, "ನಾ ಅಳಲ್ಲ" ಎಂದು ಎಲ್ಲರಿಗೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅತ್ತಳು. ಅಳಲಿ ಎಂದು ಬಿಟ್ಟೆ.

ಅರ್ಪಿತಾ ಮುಳ್ಳು ನಿಲ್ಲುವವರೆಗೂ ಕಾದು, ಗಟ್ಟಿಯಾಗಿ ಓದಿದಳು. "ಒಂಬತ್ತು ಕೇಜಿ."

ಬಿಸ್ಕತ್ತು ತೆಗೆಸಿ ಇನ್ನೊಂದು ಸಲ ತೂಗಿಸಿದೆ. ಆಗಲೂ ಒಂಬತ್ತೇ. ಬರೆದೆ. ಹಳದಿಯೂ ಅಲ್ಲ, ಇನ್ನೂ ಕೆಂಪೇ.